ಒಪ್ಪಂದ ಮುಗಿದ ಫುಟ್‌ಬಾಲ್ ಆಟಗಾರನನ್ನು ಕ್ಲಬ್ ಹಿಡಿದಿಟ್ಟುಕೊಳ್ಳಬಹುದೇ?

ಪ್ರಶ್ನೆ: ನಾವು ಬೆಳಗಾವಿಯ ಶಹಾಪುರದವರು. ನನ್ನ ತಮ್ಮನಿಗೆ 22 ವರ್ಷ, ಲೇಲೆ ಮೈದಾನದಲ್ಲಿ ಆಡಿ ಬೆಳೆದವ. ಎರಡು ವರ್ಷದಿಂದ ಹೊರರಾಜ್ಯದ ವೃತ್ತಿಪರ ಕ್ಲಬ್ ಒಂದರಲ್ಲಿದ್ದಾನೆ, ತಿಂಗಳಿಗೆ 60,000 ರೂಪಾಯಿ. ಒಪ್ಪಂದ ಬರುವ ಮೇ 31ಕ್ಕೆ ಮುಗಿಯುತ್ತದೆ. ಗೋವಾದ ಒಂದು ಕ್ಲಬ್ ಕರೆಯುತ್ತಿದೆ. ಈಗಿನವರು, ‘ಎನ್‌ಒಸಿ ಕೊಡೂದಿಲ್ಲ, ಅವ್ರು ನಮಗ ರೊಕ್ಕ ಕೊಟ್ಟು ಒಯ್ಲಿ, ಇಲ್ಲಾಂದ್ರ ಇನ್ನೊಂದ್ ವರ್ಷ ಇಲ್ಲೇ ಆಡಬೇಕು’ ಎನ್ನುತ್ತಾರೆ. ಒಪ್ಪಂದದಲ್ಲಿ ಇನ್ನೊಂದು ವರ್ಷ ಮುಂದುವರಿಸುವ ಕಲಮೂ ಇದೆ. ಫೆಬ್ರುವರಿ, ಮಾರ್ಚ್ ಪಗಾರ ಬಂದಿಲ್ಲ, ಈಗ ಏಪ್ರಿಲ್ ಅರ್ಧ ಆಯಿತು. ಏಜೆಂಟ್ ಒಬ್ಬ ಶೇ. 10 ಕೇಳುತ್ತಿದ್ದಾನೆ. ಪಗಾರ ಕೊಟ್ಟಿಲ್ಲ ಅಂತ ಈಗಲೇ ಬಿಟ್ಟು ಬರಬಹುದೇ?

ಉತ್ತರ:

ಮೇ 31ಕ್ಕೆ ಒಪ್ಪಂದ ಮುಗಿದರೆ ಜೂನ್ 1ರಿಂದ ನಿಮ್ಮ ತಮ್ಮ ಫ್ರೀ ಏಜೆಂಟ್, ಅಂದರೆ ಬೇಕಾದ ಕ್ಲಬ್‌ಗೆ ಹೋಗಲು ಸ್ವತಂತ್ರ. ಆಗ ಅವನಿಗಾಗಿ ಟ್ರಾನ್ಸ್‌ಫರ್ ಹಣ ಕೇಳುವ ಹಕ್ಕು ಹಳೆಯ ಕ್ಲಬ್‌ಗೆ ಇರುವುದಿಲ್ಲ. ಟ್ರಾನ್ಸ್‌ಫರ್ ಹಣ ಎಂಬುದು ಒಪ್ಪಂದದಲ್ಲಿ ಇನ್ನೂ ಉಳಿದ ಅವಧಿಯನ್ನು ಬಿಟ್ಟುಕೊಡುವುದಕ್ಕೆ ಕೊಡುವ ಹಣ. ಅವಧಿಯೇ ಉಳಿಯದಿದ್ದರೆ ಬಿಟ್ಟುಕೊಡಲು ಅವರ ಕೈಯಲ್ಲಿ ಏನೂ ಇಲ್ಲ. ಹಾಗಾಗಿ ಎನ್‌ಒಸಿ ಬೆದರಿಕೆಗೆ ಹೆದರಬೇಡಿ. ನೀವು ನಿಜವಾಗಿ ಕೂತು ಓದಬೇಕಾದದ್ದು ಆ ಒಂದು ವರ್ಷದ ಕಲಂ. ಇನ್ನು ಈಗಲೇ ಬಿಟ್ಟು ಬರುವ ವಿಚಾರ: ಹಕ್ಕು ಇರಬಹುದು, ಆದರೆ ನಿಮ್ಮ ಲೆಕ್ಕದಲ್ಲಿ ಅದರಿಂದ ಲಾಭ ಕಡಿಮೆ, ಅಪಾಯ ಜಾಸ್ತಿ. ಯಾಕೆಂದು ಕೆಳಗೆ ಅಂಕಿಯೊಂದಿಗೆ ಹೇಳುತ್ತೇನೆ.

ಈ ಹಕ್ಕು ಎಲ್ಲಿಂದ ಬಂತು ಎನ್ನುವುದು ಎರಡು ಮಾತಿನಲ್ಲಿ. ಬೆಲ್ಜಿಯಂನ ಆಟಗಾರ ಜಾನ್ ಮಾರ್ಕ್ ಬಾಸ್ಮನ್‌ನ ಒಪ್ಪಂದ 1990ರಲ್ಲಿ ಮುಗಿದಿತ್ತು. ಆದರೂ ಲಿಯೇಜ್ ಕ್ಲಬ್ ಅವನನ್ನು ಫ್ರಾನ್ಸಿನ ಡಂಕರ್ಕ್ ಕ್ಲಬ್‌ಗೆ ಹೋಗಗೊಡಲಿಲ್ಲ. ಉಳಿಯುವುದಾದರೆ ಕೊಡುತ್ತೇವೆಂದ ಸಂಬಳವೂ ಹಿಂದಿನದರ ಕಾಲು ಭಾಗ. ಅವನು ಐದು ವರ್ಷ ಕೋರ್ಟು ಹತ್ತಿದ. 1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ, ಒಪ್ಪಂದ ಮುಗಿದ ಮೇಲೆ ಟ್ರಾನ್ಸ್‌ಫರ್ ಹಣ ಕೇಳುವುದು ಕೆಲಸಗಾರನ ಸಂಚಾರ ಸ್ವಾತಂತ್ರ್ಯಕ್ಕೆ ಅಡ್ಡಿ ಎಂದು ತೀರ್ಪು ಕೊಟ್ಟಿತು. ಆ ತೀರ್ಪು ಯುರೋಪಿನ ಒಕ್ಕೂಟದ್ದು. ಆದರೆ ಅದರ ಒತ್ತಡದಿಂದಲೇ ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ 2001ರಲ್ಲಿ ವರ್ಗಾವಣೆ ನಿಯಮಗಳನ್ನು ಹೊಸದಾಗಿ ಬರೆಯಿತು, ಇವತ್ತು ಭಾರತದ ಆಟಗಾರನಿಗೂ ಅನ್ವಯಿಸುವುದು ಅದೇ ಚೌಕಟ್ಟು.

ಆ ನಿಯಮಾವಳಿಯ 18ನೇ ಕಲಂ ನಿಮಗೆ ಮುಖ್ಯ. ಅದು ದೇಶದೊಳಗಿನ ಒಪ್ಪಂದಗಳಿಗೂ ಕಡ್ಡಾಯ. ರಾಷ್ಟ್ರೀಯ ಸಂಸ್ಥೆಗಳು ಅದನ್ನು ತಿದ್ದದೆ ತಮ್ಮ ನಿಯಮದಲ್ಲಿ ಸೇರಿಸಿಕೊಳ್ಳಬೇಕು. ಒಪ್ಪಂದ ಮುಗಿಯಲು ಆರು ತಿಂಗಳಿಗಿಂತ ಕಡಿಮೆ ಉಳಿದಿದ್ದರೆ ಆಟಗಾರ ಬೇರೆ ಕ್ಲಬ್ ಜೊತೆ ಮುಂದಿನ ಒಪ್ಪಂದಕ್ಕೆ ಸಹಿ ಹಾಕಬಹುದು ಎಂದು ಅದು ಹೇಳುತ್ತದೆ. ಮೇ 31ರಿಂದ ಹಿಂದಕ್ಕೆ ಎಣಿಸಿದರೆ ನಿಮ್ಮ ತಮ್ಮನಿಗೆ ಈ ಬಾಗಿಲು ಡಿಸೆಂಬರ್ ಆರಂಭದಲ್ಲೇ ತೆರೆದಿದೆ. ಆದರೆ ಒಂದು ಶಿಸ್ತು ಇದೆ: ಮಾತುಕತೆ ಶುರು ಮಾಡುವ ಮೊದಲು ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ಬರವಣಿಗೆಯಲ್ಲಿ ತಿಳಿಸಬೇಕು. ಅನುಮತಿ ಕೇಳುವುದಲ್ಲ, ತಿಳಿಸುವುದು ಮಾತ್ರ. ಗೋವಾದವರು ಇದನ್ನು ಮಾಡಿದ್ದಾರೆಯೇ ಎಂದು ಇವತ್ತೇ ಕೇಳಿ, ಆ ಇ-ಮೇಲ್‌ನ ಪ್ರತಿ ತರಿಸಿಕೊಳ್ಳಿ. ಚೋರ್ಲಾ ಘಾಟ್ ಇಳಿದು ಹೋಗಿ ಚಹಾ ಕುಡಿದು ಬಾಯಿಮಾತಲ್ಲಿ ಮುಗಿಸಿ ಬರುವ ವ್ಯವಹಾರ ಇದಲ್ಲ. ಕಾಗದ ಇಲ್ಲದಿದ್ದರೆ ನಾಳೆ ಹಳೆಯ ಕ್ಲಬ್ ‘ನಮ್ಮ ಹುಡುಗನ ತಲೆ ಕೆಡಿಸಿದರು’ ಎಂದು ದೂರು ಕೊಡಲು ಅವಕಾಶ ಮಾಡಿಕೊಟ್ಟಂತೆ.

ಇನ್ನೊಂದು ಎಚ್ಚರ. ಹೆಸರು, ಅವಧಿ, ಸಂಬಳ, ಎರಡೂ ಕಡೆಯ ಸಹಿ ಇರುವ ಕಾಗದಕ್ಕೆ ‘ಪ್ರೀ-ಕಾಂಟ್ರ್ಯಾಕ್ಟ್’ ಎಂದು ತಲೆಬರಹ ಕೊಟ್ಟರೂ ಅದು ಒಪ್ಪಂದವೇ. ಗೋವಾದವರಿಗೆ ಒಂದು ಸಹಿ, ಆಮೇಲೆ ಮನಸ್ಸು ಬದಲಾಗಿ ಹಳೆಯ ಕ್ಲಬ್‌ಗೆ ಇನ್ನೊಂದು ಸಹಿ ಹಾಕಿದರೆ ಒಂದೇ ಅವಧಿಗೆ ಎರಡು ಒಪ್ಪಂದ ಆಗುತ್ತದೆ. ಇದರಿಂದ ನಷ್ಟಪರಿಹಾರದ ಜೊತೆಗೆ ನಾಲ್ಕು ತಿಂಗಳು ಪಂದ್ಯ ನಿಷೇಧವೂ ಬರಬಹುದು.

ಈಗ ಆ ಒಂದು ವರ್ಷದ ಕಲಂ. ಒಪ್ಪಂದದ ಪ್ರತಿಯಲ್ಲಿ ಅದನ್ನು ಹುಡುಕಿ, ಪ್ರತಿ ಶಬ್ದ ಓದಿ. ‘ಎರಡೂ ಕಡೆಯವರು ಒಪ್ಪಿದರೆ ಮುಂದುವರಿಸಬಹುದು’ ಎಂದಿದ್ದರೆ ಚಿಂತೆ ಇಲ್ಲ, ತಮ್ಮ ಒಪ್ಪದಿದ್ದರೆ ಅದು ಮುಗಿಯಿತು. ‘ಕ್ಲಬ್ ತನ್ನ ಇಚ್ಛೆಯಂತೆ ಮುಂದುವರಿಸಬಹುದು’ ಎಂದಿದ್ದರೆ ಅದು ಏಕಪಕ್ಷೀಯ ಕಲಂ. ಇದು ಫುಟ್‌ಬಾಲ್ ನ್ಯಾಯಮಂಡಳಿಗಳಲ್ಲಿ ಬಹಳ ಜಗಳ ಕಂಡ ವಿಷಯ. ತಾನಾಗಿ ಸಿಂಧುವೂ ಅಲ್ಲ, ತಾನಾಗಿ ಅಸಿಂಧುವೂ ಅಲ್ಲ. ತೀರ್ಪು ಕೊಡುವವರು ಸಾಮಾನ್ಯವಾಗಿ ನೋಡುವ ಅಂಶಗಳಿವೆ: ಮುಂದುವರಿದ ವರ್ಷಕ್ಕೆ ಸಂಬಳ ಎಷ್ಟೆಂದು ಮೊದಲೇ ಬರೆದಿತ್ತೇ, ಅದು ಮೊದಲಿಗಿಂತ ಹೆಚ್ಚೇ, ಕ್ಲಬ್ ತನ್ನ ನಿರ್ಧಾರವನ್ನು ಒಪ್ಪಂದ ಮುಗಿಯುವ ಸಾಕಷ್ಟು ಮುಂಚೆ ತಿಳಿಸಬೇಕಿತ್ತೇ, ಒಟ್ಟು ಅವಧಿ ಅತಿಯಾಯಿತೇ, ಸಹಿ ಹಾಕುವಾಗ ಆಟಗಾರನ ಕಣ್ಣಿಗೆ ಬೀಳುವಂತೆ ಕಲಂ ಇತ್ತೇ, ಆಟಗಾರ ಪೂರ್ತಿ ಕ್ಲಬ್‌ನ ಮರ್ಜಿಗೆ ಬಿದ್ದನೇ. ಸಂಬಳ ಅದೇ 60,000, ನಿರ್ಧಾರ ತಿಳಿಸಲು ಮೇ 31ರ ಮಧ್ಯರಾತ್ರಿಯವರೆಗೂ ಸಮಯ, ಏಳನೇ ಪುಟದ ಮೂಲೆಯಲ್ಲಿ ಒಂದು ಸಾಲು ಎಂದಿದ್ದರೆ ಆ ಕಲಂ ದುರ್ಬಲ. ಸಂಬಳ 80,000ಕ್ಕೆ ಏರುತ್ತದೆ, ಮಾರ್ಚ್ 31ರೊಳಗೆ ಲಿಖಿತವಾಗಿ ತಿಳಿಸಬೇಕು ಎಂದಿದ್ದು ಅವರು ಹಾಗೆಯೇ ತಿಳಿಸಿದ್ದರೆ ಅದು ಗಟ್ಟಿ. ಆಗ ಗೋವಾದ ಮಾತು ಬಿಟ್ಟು ಈ ಕ್ಲಬ್ ಜೊತೆಗೇ ಕೂತು ಮಾತಾಡುವುದು ವಾಸಿ.

ಗಡುವು ದಾಟಿದೆಯೇ ಎಂಬುದನ್ನೂ ನೋಡಿ. ಬಹಳ ಕ್ಲಬ್‌ಗಳು ಇಲ್ಲೇ ಎಡವುತ್ತವೆ. ಕಲಂನಲ್ಲಿ ‘ನೋಂದಾಯಿತ ಅಂಚೆ ಅಥವಾ ಅಧಿಕೃತ ಇ-ಮೇಲ್’ ಎಂದಿದ್ದು, ಮ್ಯಾನೇಜರ್ ವಾಟ್ಸ್ಆ್ಯಪ್‌ನಲ್ಲಿ ‘ಮುಂದಿನ ವರ್ಷವೂ ನೀನು ನಮ್ಮವನೇ’ ಎಂದು ಕಳಿಸಿದರೆ ಅದು ಕಲಂ ಕೇಳಿದ ರೀತಿಯ ನೋಟಿಸ್ ಅಲ್ಲ. ಆದರೆ ನಿಮ್ಮ ತಮ್ಮ ಅದಕ್ಕೆ ‘ಓಕೆ ಸರ್’ ಎಂದು ಉತ್ತರಿಸಿದ್ದರೆ ಅದನ್ನೇ ಒಪ್ಪಿಗೆ ಎಂದು ವಾದಿಸುತ್ತಾರೆ. ಅವನ ಫೋನ್ ತೆಗೆದು ಡಿಸೆಂಬರ್‌ನಿಂದ ಈಚಿನ ಎಲ್ಲ ಸಂದೇಶ ಓದಿ, ಯಾವುದನ್ನೂ ಅಳಿಸಬೇಡಿ.

ಕಲಂ ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಇದ್ದರೆ ಸುಮ್ಮನೆ ಮೇ 31ರವರೆಗೆ ಕಾಯಬೇಡಿ. ಈ ವಾರವೇ ತಮ್ಮನ ಇ-ಮೇಲ್‌ನಿಂದ ಕ್ಲಬ್‌ಗೆ ಬರೆಸಿ: ‘ನನ್ನ ಒಪ್ಪಂದ ಮೇ 31ಕ್ಕೆ ಮುಗಿಯುತ್ತದೆ. ಇಂತಿಂಥ ಕಲಂ ಪ್ರಕಾರ ಮುಂದುವರಿಸುವ ಯಾವ ನೋಟಿಸೂ ನನಗೆ ಬಂದಿಲ್ಲ. ಆ ಕಲಂ ನನ್ನನ್ನು ಕಟ್ಟಿಹಾಕುತ್ತದೆಂದು ನಾನು ಒಪ್ಪುವುದಿಲ್ಲ. ಜೂನ್ 1ರಿಂದ ನಾನು ಸ್ವತಂತ್ರ ಎಂದು ತಿಳಿದು ಮುಂದಿನ ಏರ್ಪಾಡು ಮಾಡಿಕೊಳ್ಳುತ್ತಿದ್ದೇನೆ.’ ಇದರ ಪ್ರತಿಯನ್ನು ಗೋವಾ ಕ್ಲಬ್‌ಗೂ ತೋರಿಸಿ, ಕಲಂ ಮುಚ್ಚಿಡಬೇಡಿ. ಒಪ್ಪಂದ ಮುರಿಯುವಂತೆ ಹೊಸ ಕ್ಲಬ್ ಪ್ರಚೋದಿಸಿತು ಎಂದಾದರೆ ಪರಿಹಾರದ ಹೊರೆ ಅದರ ಮೇಲೂ ಬೀಳುತ್ತದೆ. ಮೊದಲು ಪ್ರಚೋದನೆ ಇರಲಿ ಬಿಡಲಿ ಹೊಸ ಕ್ಲಬ್ ಜಂಟಿಯಾಗಿ ಹೊಣೆ ಎಂದೇ ಇತ್ತು. ಫ್ರಾನ್ಸಿನ ಆಟಗಾರ ಲಸಾನ ದಿಯಾರಾ ಪ್ರಕರಣದಲ್ಲಿ 2024ರ ಅಕ್ಟೋಬರ್ 4ರಂದು ಯುರೋಪಿನ ನ್ಯಾಯಾಲಯ ಆ ನಿಯಮವನ್ನು ತಪ್ಪೆಂದ ಮೇಲೆ ಫಿಫಾ 2025ರ ಜನವರಿಯಿಂದ ಅದನ್ನು ಸಡಿಲಿಸಿತು.

‘ರೊಕ್ಕ ಕೊಟ್ಟು ಒಯ್ಲಿ’ ಎಂಬ ಮಾತಿನಲ್ಲಿ ಒಂದು ಎಳೆ ಸತ್ಯ ಇರಬಹುದು. ಟ್ರಾನ್ಸ್‌ಫರ್ ಹಣ ಬೇರೆ, ತರಬೇತಿ ಪರಿಹಾರ ಬೇರೆ. ಆಟಗಾರನ 12ರಿಂದ 21ನೇ ವಯಸ್ಸಿನವರೆಗಿನ ತರಬೇತಿಗೆ ಹೊಸ ಕ್ಲಬ್ ಹಳೆಯ ಕ್ಲಬ್‌ಗೆ ಕೊಡುವ ಪರಿಹಾರ ಇದು. ಅಂತರರಾಷ್ಟ್ರೀಯ ವರ್ಗಾವಣೆಯಲ್ಲಿ ಆಟಗಾರನಿಗೆ 23 ತುಂಬುವ ಕ್ಯಾಲೆಂಡರ್ ವರ್ಷದ ಕೊನೆಯವರೆಗೆ, ಒಪ್ಪಂದ ಮುಗಿದಿದ್ದರೂ, ಇದು ಬರುತ್ತದೆ. ತರಬೇತಿಗೆ ಮಾಡುವ ಖರ್ಚಿನ ಮೇಲೆ ಕ್ಲಬ್‌ಗಳನ್ನು ವರ್ಗಗಳಾಗಿ ವಿಂಗಡಿಸಿರುತ್ತಾರೆ. ಉದಾಹರಣೆಗೆ ನಿಮ್ಮ ತಮ್ಮ ಏಷ್ಯಾದ ಬೇರೆ ದೇಶದ ಮೂರನೇ ವರ್ಗದ ಕ್ಲಬ್‌ಗೆ ಹೋದರೆ ವರ್ಷಕ್ಕೆ 10,000 ಡಾಲರ್ ಲೆಕ್ಕ. ನಾಲ್ಕನೇ ವರ್ಗದ ಕ್ಲಬ್‌ಗೆ ಹೋದರೆ ಏನೂ ಇಲ್ಲ. ಭಾರತದೊಳಗಿನ ವರ್ಗಾವಣೆಗೆ ದೇಶದ ಫುಟ್‌ಬಾಲ್ ಒಕ್ಕೂಟ ಎಐಎಫ್‌ಎಫ್‌ನ ಸ್ವಂತ ನಿಯಮ ಅನ್ವಯ. ಎಲ್ಲೇ ಆದರೂ ಇದು ಕ್ಲಬ್‌ನಿಂದ ಕ್ಲಬ್‌ಗೆ ಹೋಗುವ ಹಣ, ಆಟಗಾರನ ಸಂಬಳದಿಂದ ಮುರಿದುಕೊಳ್ಳುವಂಥದ್ದಲ್ಲ. ಹಾಗಾಗಿ ಹಳೆಯವರು ‘ರೊಕ್ಕ’ ಎಂದಾಗ ಕೇಳಬೇಕಾದ ಪ್ರಶ್ನೆ ಒಂದೇ: ಯಾವ ನಿಯಮದ ಯಾವ ಕಲಂ ಪ್ರಕಾರ, ಎಷ್ಟು? ಬರವಣಿಗೆಯಲ್ಲಿ ಕೊಡಿ ಎನ್ನಿ.

ಇಲ್ಲಿ ಬೆಳಗಾವಿಯ ಸ್ಥಳೀಯ ಕ್ಲಬ್‌ಗಳಿಗೂ ಒಂದು ಮಾತು. ಒಪ್ಪಂದದ ನಡುವೆ ಆಟಗಾರ ಹಣಕ್ಕೆ ವಿದೇಶಕ್ಕೆ ಮಾರಾಟವಾದರೆ ಆ ಮೊತ್ತದ ಶೇ. 5ರಷ್ಟನ್ನು ಅವನನ್ನು ಬೆಳೆಸಿದ ಕ್ಲಬ್‌ಗಳಿಗೆ ಹಂಚಬೇಕು. 12ರಿಂದ 15ರವರೆಗಿನ ಪ್ರತಿ ವರ್ಷಕ್ಕೆ ಅದರಲ್ಲಿ ಶೇ. 5, 16ರಿಂದ 23ರವರೆಗೆ ಪ್ರತಿ ವರ್ಷಕ್ಕೆ ಶೇ. 10. ಒಂದು ಲಕ್ಷ ಡಾಲರ್ ಮಾರಾಟವಾದರೆ ಹಂಚುವುದು 5,000 ಡಾಲರ್. 12ರಿಂದ 18ರವರೆಗೆ ಆಡಿಸಿದ ಕ್ಲಬ್‌ಗೆ 2,500. ಆದರೆ ಹುಡುಗನ ಹೆಸರು ಆಯಾ ವರ್ಷ ನೋಂದಣಿಯಾಗಿದ್ದರೆ ಮಾತ್ರ. ಮಳೆ ಬಿಸಿಲೆನ್ನದೆ ಹುಡುಗರನ್ನು ಆಡಿಸುವವರು ಆ ಒಂದು ನೋಂದಣಿ ಮಾಡಿಸದೆ ಬಿಡುವುದು ದೊಡ್ಡ ನಷ್ಟ. ಫ್ರೀ ಏಜೆಂಟ್ ಆಗಿ ಹೋದರೆ ಮಾರಾಟವೇ ಇಲ್ಲದ ಕಾರಣ ಈ ಪಾಲೂ ಇಲ್ಲ.

ಪಗಾರದ ವಿಷಯಕ್ಕೆ ಬರೋಣ. ಫಿಫಾ ನಿಯಮದ ‘14 ಬಿಸ್’ ಕಲಂ 2018ರ ಜೂನ್‌ನಿಂದ ಇದೆ. ಕನಿಷ್ಠ ಎರಡು ತಿಂಗಳ ಸಂಬಳವನ್ನು ಕ್ಲಬ್ ಗಡುವಿಗೆ ಕೊಡದಿದ್ದರೆ, ಆಟಗಾರ ಲಿಖಿತ ನೋಟಿಸ್ ಕೊಟ್ಟು ಕನಿಷ್ಠ 15 ದಿನ ಸಮಯ ಕೊಡಬೇಕು. ಆಗಲೂ ಪೂರ್ತಿ ಕೊಡದಿದ್ದರೆ ನ್ಯಾಯವಾದ ಕಾರಣಕ್ಕೆ ಒಪ್ಪಂದ ಮುರಿಯಬಹುದು. ಜನ ತಪ್ಪು ಮಾಡುವುದು ಎರಡು ಕಡೆ. ಒಂದು, ನೋಟಿಸೇ ಕೊಡದೆ ಬ್ಯಾಗ್ ಕಟ್ಟಿಕೊಂಡು ರೈಲು ಹತ್ತುವುದು. ಆಗ ಒಪ್ಪಂದ ಮುರಿದವನು ಆಟಗಾರ ಎಂದಾಗುತ್ತದೆ. ನಿಮ್ಮ ತಮ್ಮ 28ಕ್ಕಿಂತ ಕಿರಿಯನಿರುವಾಗ ಸಹಿ ಹಾಕಿದ್ದರಿಂದ ಮೊದಲ ಮೂರು ವರ್ಷ ರಕ್ಷಿತ ಅವಧಿ, ಅಂದರೆ ಆ ನಾಲ್ಕು ತಿಂಗಳ ನಿಷೇಧದ ಅಪಾಯ ಇಲ್ಲೂ ಇದೆ. ಎರಡು, ಗಡುವು ನೋಡದೆ ತಿಂಗಳು ಎಣಿಸುವುದು. ಫೆಬ್ರುವರಿ ಪಗಾರ ಮಾರ್ಚ್ 7ಕ್ಕೆ, ಮಾರ್ಚ್ ಪಗಾರ ಏಪ್ರಿಲ್ 7ಕ್ಕೆ ಬರಬೇಕೆಂದು ಒಪ್ಪಂದದಲ್ಲಿದ್ದರೆ ಎರಡು ತಿಂಗಳ ಬಾಕಿ ಹುಟ್ಟಿದ್ದು ಏಪ್ರಿಲ್ 8ರಂದು. ಅದಕ್ಕೂ ಮೊದಲು ಕೊಟ್ಟ ನೋಟಿಸ್ ಲೆಕ್ಕಕ್ಕಿಲ್ಲ.

ಈಗ ಅಂಕಿ. ಏಪ್ರಿಲ್ 16ಕ್ಕೆ ನೋಟಿಸ್ ಮುಟ್ಟಿದರೆ 15 ದಿನ ಮುಗಿಯುವುದು ಮೇ 1ಕ್ಕೆ, ಒಪ್ಪಂದ ಮುರಿಯಬಹುದಾದದ್ದು ಮೇ 2ಕ್ಕೆ. ಉಳಿದದ್ದು ಒಂದೇ ತಿಂಗಳು. ಮುರಿದದ್ದಕ್ಕೆ ಸಿಗುವ ಪರಿಹಾರ ಒಪ್ಪಂದದ ಉಳಿದ ಮೊತ್ತ ದಾಟುವಂತಿಲ್ಲ, ಅಂದರೆ ಹೆಚ್ಚೆಂದರೆ 60,000 ರೂಪಾಯಿ. ಅಷ್ಟಕ್ಕಾಗಿ ನೋಟಿಸ್ ಸರಿಯಿತ್ತೇ, ಕಾರಣ ನ್ಯಾಯವಾದದ್ದೇ ಎಂಬ ಜಗಳವನ್ನು ಹೊಸ ಕ್ಲಬ್‌ಗೆ ಹೊತ್ತೊಯ್ಯಬೇಕಾಗುತ್ತದೆ. ಕೂತು ಮೇ 31 ಕಾದರೆ ಅವನು ಯಾವ ಜಗಳವೂ ಇಲ್ಲದೆ ಸ್ವತಂತ್ರ, ಬಾಕಿ ಪಗಾರದ ಹಕ್ಕು ಹಾಗೇ ಉಳಿಯುತ್ತದೆ. ಒಪ್ಪಂದದಲ್ಲಿ ಇನ್ನೂ ಒಂದೂವರೆ ವರ್ಷ ಉಳಿದಿದ್ದರೆ ನನ್ನ ಸಲಹೆ ತಿರುಗುಮುರುಗಾಗುತ್ತಿತ್ತು. ಆ ಒಂದು ವರ್ಷದ ಕಲಂ ಗಟ್ಟಿಯಾಗಿದ್ದು ಕ್ಲಬ್ ಅದನ್ನು ಸರಿಯಾಗಿ ಬಳಸಿಯೂ ಇದ್ದರೆ, ಆಗಲೂ ಬಾಕಿ ಪಗಾರದ ನೋಟಿಸೇ ನಿಮ್ಮ ಹೊರಬರುವ ದಾರಿ.

ಹಾಗಾಗಿ ಮುರಿಯದಿದ್ದರೂ ನೋಟಿಸ್ ಮಾತ್ರ ಕೊಡಲೇಬೇಕು. ಅದರಲ್ಲಿ ಇರಬೇಕಾದದ್ದು: ಒಪ್ಪಂದದ ದಿನಾಂಕ, ಸಂಬಳದ ಕಲಂ ಸಂಖ್ಯೆ, ಯಾವ ತಿಂಗಳು ಎಷ್ಟು ಬಾಕಿ (ಫೆಬ್ರುವರಿ 60,000, ಮಾರ್ಚ್ 60,000, ಒಟ್ಟು 1,20,000), ಬ್ಯಾಂಕ್ ಖಾತೆ ವಿವರ, 15 ದಿನದ ಗಡುವು, ಮತ್ತು ‘ಕೊಡದಿದ್ದರೆ ಒಪ್ಪಂದ ಮುರಿಯುವ ಹಕ್ಕು ಕಾಯ್ದಿರಿಸಿದ್ದೇನೆ’ ಎಂಬ ಸಾಲು. ಇಂಗ್ಲಿಷ್‌ನಲ್ಲಿ ಬರೆಸಿ, ದೂರು ಮುಂದೆ ಹೋದರೆ ನೋಡುವವರು ಅದರಲ್ಲೇ ನೋಡುತ್ತಾರೆ. ಒಪ್ಪಂದದಲ್ಲಿರುವ ಇ-ಮೇಲ್‌ಗೂ ಕಳಿಸಿ, ಮುಟ್ಟಿದ ದಾಖಲೆ ಸಿಗುವಂತೆ ಅದೇ ದಿನ ಸ್ಪೀಡ್ ಪೋಸ್ಟ್‌ನಲ್ಲೂ ಹಾಕಿ. ರಸೀದಿ ಶಾಯಿ ಬೇಗ ಅಳಿಸಿಹೋಗುತ್ತದೆ, ಪೋಸ್ಟ್ ಆಫೀಸಿನ ಮೆಟ್ಟಿಲ ಮೇಲೇ ಫೋಟೋ ತೆಗೆದುಕೊಳ್ಳಿ. ಬ್ಯಾಂಕ್ ಪಾಸ್‌ಬುಕ್‌ನ ಪುಟ ಜೋಡಿಸಿ. ಮೇ 31ರವರೆಗೆ ನಿಮ್ಮ ತಮ್ಮ ಪ್ರತಿ ಅಭ್ಯಾಸಕ್ಕೂ ಹೋಗಬೇಕು. ಒಂದು ದಿನ ತಪ್ಪಿಸಿದರೂ ಕ್ಲಬ್ ಅದನ್ನೇ ಹಿಡಿದುಕೊಳ್ಳುತ್ತದೆ. ಕ್ಲಬ್ ‘ಬಾಕಿ ಕೊಡುತ್ತೇವೆ, ಈ ಕಾಗದಕ್ಕೆ ಸಹಿ ಹಾಕು’ ಎಂದರೆ ಆ ಕಾಗದದಲ್ಲಿ ‘ಯಾವುದೇ ಬಾಕಿ ಇಲ್ಲ’ ಎಂಬ ಸಾಲು ಇದೆಯೇ ನೋಡಿ. ಹಣ ಖಾತೆಗೆ ಬೀಳುವ ಮೊದಲು ಅಂಥ ಸಹಿ ಬೇಡ. ಹಣ ಬರಲೇ ಇಲ್ಲವೆಂದರೆ ದೂರು ಎಐಎಫ್‌ಎಫ್‌ನ ಆಟಗಾರರ ಸ್ಥಾನಮಾನ ಸಮಿತಿಗೆ. ಭಾರತೀಯ ಆಟಗಾರ, ಭಾರತೀಯ ಕ್ಲಬ್ ಆದ್ದರಿಂದ ಫಿಫಾಕ್ಕೆ ನೇರ ಹೋಗುವಂತಿಲ್ಲ.

ಏಜೆಂಟ್ ಶೇ. 10 ಕೇಳುವುದು ಹೆಚ್ಚು. ಫಿಫಾದ ಏಜೆಂಟ್ ನಿಯಮಾವಳಿ ವರ್ಷಕ್ಕೆ 2 ಲಕ್ಷ ಡಾಲರ್‌ವರೆಗಿನ ಸಂಬಳಕ್ಕೆ ಶೇ. 5ರ ಮಿತಿ ಹಾಕಿತ್ತು. ಜರ್ಮನಿಯ ನ್ಯಾಯಾಲಯದ ತಡೆಯಿಂದಾಗಿ ಫಿಫಾ ಆ ಮಿತಿಯನ್ನು 2023ರ ಡಿಸೆಂಬರ್ ಕೊನೆಗೆ ಅಮಾನತಿನಲ್ಲಿಟ್ಟಿತು, ಆದರೂ ಚೌಕಾಸಿಗೆ ಅದು ಒಳ್ಳೆಯ ಅಳತೆಗೋಲು. ವರ್ಷಕ್ಕೆ 7,20,000ಕ್ಕೆ ಶೇ. 5 ಅಂದರೆ 36,000, ಶೇ. 10 ಅಂದರೆ 72,000. ಮೊದಲು ಅವನ ಫಿಫಾ ಲೈಸೆನ್ಸ್ ಕೇಳಿ. ಇಲ್ಲದಿದ್ದರೆ ಮಾತು ಅಲ್ಲಿಗೇ ಮುಗಿಸಿ. ಆಟಗಾರನ ಜೊತೆ ಏಜೆಂಟ್ ಒಪ್ಪಂದ ಎರಡು ವರ್ಷ ದಾಟುವಂತಿಲ್ಲ. ನಿಮ್ಮಲ್ಲಿ ಗೋವಾ ಕ್ಲಬ್ ತಾನೇ ಕರೆದಿದೆ, ಏಜೆಂಟ್ ಹುಡುಕಿಕೊಟ್ಟಿಲ್ಲ. ಒಬ್ಬ ವಕೀಲರಿಗೆ ಶುಲ್ಕ ಕೊಟ್ಟು ಒಪ್ಪಂದ ಓದಿಸುವುದು ನಿಮಗೆ ಸಾಕು.

ಹೊಸ ಒಪ್ಪಂದದಲ್ಲಿ ಜನ ಮೋಸಹೋಗುವುದು ಸಂಬಳದ ಅಂಕಿಯಲ್ಲಿ. ‘ತಿಂಗಳಿಗೆ 75,000’ ಎಂದಾಗ ಎಷ್ಟು ತಿಂಗಳು? ಹತ್ತು ತಿಂಗಳಾದರೆ ವರ್ಷಕ್ಕೆ 7,50,000. ಈಗಿನ 60,000 ಹನ್ನೆರಡು ತಿಂಗಳಿಗೆ 7,20,000. ಹೆಚ್ಚಾದದ್ದು 30,000 ಮಾತ್ರ, ಅದೂ ಮನೆ ಬಾಡಿಗೆ ಅವನದೇ ಆದರೆ ಇಳಿಕೆಯೇ. ಕ್ರೀಡಾಪಟುಗಳ ಶುಲ್ಕಕ್ಕೆ ಸಾಮಾನ್ಯವಾಗಿ ಶೇ. 10 ಟಿಡಿಎಸ್ ಮುರಿಯುತ್ತಾರೆ. ಒಪ್ಪಂದದ ಅಂಕಿ ಅದಕ್ಕೆ ಮೊದಲಿನದೋ ಕೈಗೆ ಬರುವುದೋ ಬರೆಸಿ. ‘ವೈದ್ಯಕೀಯ ಪರೀಕ್ಷೆ ಪಾಸಾದರೆ ಮಾತ್ರ ಒಪ್ಪಂದ ಸಿಂಧು’ ಎಂಬ ಷರತ್ತಿಗೆ ಅದೇ 18ನೇ ಕಲಂ ಅವಕಾಶ ಕೊಡುವುದಿಲ್ಲ. ಪರೀಕ್ಷೆ ಸಹಿಗೆ ಮೊದಲೇ ಆಗಬೇಕು. ಮೊಣಕಾಲಿನ ಲಿಗಮೆಂಟ್ ಹರಿದರೆ ಶಸ್ತ್ರಚಿಕಿತ್ಸೆಯ ಖರ್ಚು ಯಾರದು, ಗಾಯದ ತಿಂಗಳುಗಳಲ್ಲಿ ಪಗಾರ ಪೂರ್ತಿಯೇ ಎಂಬ ಎರಡು ಸಾಲು ಇಲ್ಲದ ಒಪ್ಪಂದಕ್ಕೆ ಸಹಿ ಬೇಡವೇ ಬೇಡ.

‘ಒಪ್ಪಂದ ಮುಗಿದ ಮೇಲೂ ಮೊದಲು ನಮ್ಮನ್ನೇ ಕೇಳಬೇಕು, ಬೇರೆಯವರು ಕೊಡುವಷ್ಟನ್ನು ನಾವು ಕೊಟ್ಟರೆ ನಮ್ಮಲ್ಲೇ ಉಳಿಯಬೇಕು’ ಎಂಬ ಕಲಂ ಕಂಡರೆ ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣ ನೆನಪಿರಲಿ. ಅವರನ್ನು ಪ್ರತಿನಿಧಿಸುತ್ತಿದ್ದ ಕಂಪನಿ ಇಂಥದೇ ಕಲಂ ಹಿಡಿದು ಕೋರ್ಟಿಗೆ ಹೋಗಿತ್ತು. ಒಪ್ಪಂದದ ಅವಧಿ ಮುಗಿದ ಮೇಲಿನ ಅಂಥ ಕಟ್ಟುಪಾಡು 1872ರ ಭಾರತೀಯ ಕರಾರು ಕಾಯ್ದೆಯ 27ನೇ ಕಲಂ ಪ್ರಕಾರ ಅಸಿಂಧು ಎಂದು ಸುಪ್ರೀಂ ಕೋರ್ಟ್ 2006ರಲ್ಲಿ ಹೇಳಿತು.

ನೀವು ಕೇಳದಿದ್ದರೂ ಒಂದು ವಿಷಯ ಹೇಳಲೇಬೇಕು. ಇಷ್ಟೆಲ್ಲ ಒಬ್ಬ ಹುಡುಗ, ಅವನ ಅಣ್ಣ, ಒಬ್ಬ ವಕೀಲರು ಸೇರಿ ಹೊರುವ ಹೊರೆ ಆಗಬಾರದಿತ್ತು. ಬೇರೆ ಕಡೆ ಆಟಗಾರರ ಸಂಘ ಕೂತು ಲೀಗ್ ಜೊತೆ ಇದನ್ನು ಒಮ್ಮೆಗೇ ಮಾತಾಡಿ ಮುಗಿಸುತ್ತದೆ. ಅಮೆರಿಕದ ಫುಟ್‌ಬಾಲ್ ಲೀಗ್ ಎಂಎಲ್‌ಎಸ್‌ನಲ್ಲಿ ಒಪ್ಪಂದ ಮುಗಿದರೂ ಲೀಗ್‌ನೊಳಗೆ ಬೇಕಾದ ಕ್ಲಬ್‌ಗೆ ಹೋಗುವಂತಿರಲಿಲ್ಲ, ಯಾಕೆಂದರೆ ಅಲ್ಲಿ ಆಟಗಾರನ ಒಪ್ಪಂದ ಕ್ಲಬ್ ಜೊತೆ ಅಲ್ಲ, ಲೀಗ್ ಜೊತೆ. ಆಟಗಾರರು ಹೂಡಿದ ದಾವೆ ಸೋತಿತು. ಕೋರ್ಟು ಕೊಡದ್ದನ್ನು ಸಂಘ ಮೇಜಿನ ಮೇಲೆ ತುಸು ತುಸುವೇ ಗಳಿಸಿತು: 2015ರಲ್ಲಿ 28 ವರ್ಷ ತುಂಬಿ ಎಂಟು ವರ್ಷ ಆಡಿದವರಿಗೆ, 2020ರ ಮಾತುಕತೆಯಲ್ಲಿ 24 ವರ್ಷ ತುಂಬಿ ಐದು ವರ್ಷ ಆಡಿದವರಿಗೆ. ಅಲ್ಲಿಯ ಮಹಿಳೆಯರ ಲೀಗ್ ಎನ್‌ಡಬ್ಲ್ಯುಎಸ್‌ಎಲ್‌ನ ಆಟಗಾರ್ತಿಯರು 2024ರಲ್ಲಿ ಇನ್ನೂ ಮುಂದೆ ಹೋದರು. ಕಾಲೇಜು ಆಟಗಾರ್ತಿಯರನ್ನು ಕ್ಲಬ್‌ಗಳು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟ್ ರದ್ದಾಯಿತು, ಒಪ್ಪಂದ ಮುಗಿದ ಎಲ್ಲರೂ ಫ್ರೀ ಏಜೆಂಟ್.

ನಮ್ಮ ಭಾಗದ ಕಬ್ಬು ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಬ್ಬು ಕಳಿಸಿದ 14 ದಿನದೊಳಗೆ ಹಣ ಕೊಡಬೇಕೆಂಬ ಕಾನೂನು 1966ರಿಂದಲೇ ಇದೆ. ಆದರೂ ದರಕ್ಕಾಗಿ 2025ರ ನವೆಂಬರ್‌ನಲ್ಲಿ ಗುರ್ಲಾಪುರ ಕ್ರಾಸ್‌ನಲ್ಲಿ ಸಾವಿರಾರು ಜನ ಕೂತ ಮೇಲೇ ಟನ್ನಿಗೆ 3,300 ರೂಪಾಯಿ ಎಂದು ನಿಗದಿಯಾದದ್ದು. ಒಬ್ಬ ರೈತ ಕಾರ್ಖಾನೆ ಗೇಟಿನಲ್ಲಿ ನಿಂತು ಆ ದರ ಕೇಳಿದ್ದರೆ ಯಾರು ಕೊಡುತ್ತಿದ್ದರು? ಫುಟ್‌ಬಾಲ್‌ನಲ್ಲಿ ನಮ್ಮಲ್ಲಿ ಲೀಗ್ ಮತ್ತು ಆಟಗಾರರ ನಡುವೆ ಅಂಥ ಸಾಮೂಹಿಕ ಒಪ್ಪಂದ ಇನ್ನೂ ಬಂದಿಲ್ಲ. 2025ರ ಜುಲೈನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಋತು ತಡೆಹಿಡಿದಾಗ ಕೆಲವು ಕ್ಲಬ್‌ಗಳು ಸಂಬಳ ನಿಲ್ಲಿಸಿದವು, ಪ್ರತಿ ಆಟಗಾರನೂ ತನ್ನ ತನ್ನ ಕಾಗದ ಹಿಡಿದು ಒಂಟಿಯಾಗಿ ನಿಂತ. ಆಟಗಾರರ ಸಂಘ ಇಲ್ಲದಿಲ್ಲ. ಫುಟ್‌ಬಾಲ್ ಪ್ಲೇಯರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ 2006ರಲ್ಲಿ ಬೈಚುಂಗ್ ಭುಟಿಯಾ ಮುಂದಾಳತ್ವದಲ್ಲಿ ಶುರುವಾಯಿತು, ಜಾಗತಿಕ ಆಟಗಾರರ ಸಂಘ ಫಿಫ್‌ಪ್ರೋದ ಸದಸ್ಯ. ನಿಮ್ಮ ತಮ್ಮ ಸದಸ್ಯನಾಗಿರದಿದ್ದರೆ ಆಗಲಿ. ಅವರಿಗೆ ಬರೆಯುವಾಗ ಒಪ್ಪಂದದ ಎಲ್ಲ ಪುಟಗಳ ಸ್ಕ್ಯಾನ್, ಪಾಸ್‌ಬುಕ್ ಪುಟ, ನೋಟಿಸ್ ಮತ್ತು ಅದರ ಅಂಚೆ ರಸೀದಿ, ಕ್ಲಬ್‌ನ ಸಂದೇಶಗಳ ಸ್ಕ್ರೀನ್‌ಶಾಟ್ ದಿನಾಂಕದ ಕ್ರಮದಲ್ಲಿ ಒಂದೇ ಫೈಲ್ ಮಾಡಿ ಕಳಿಸಿ.

ಕೊನೆಯದಾಗಿ ವಿಂಡೋ, ಅಂದರೆ ಕ್ಲಬ್‌ಗಳು ಹೊಸ ಆಟಗಾರರನ್ನು ನೋಂದಾಯಿಸುವ ನಿಗದಿತ ಅವಧಿ. ಮೇ 31ಕ್ಕೆ ಒಪ್ಪಂದ ಮುಗಿದವನನ್ನು, ನೋಂದಣಿ ವಿಂಡೋ ಮುಚ್ಚುವ ಮೊದಲೇ ಒಪ್ಪಂದ ಮುಗಿದಿದ್ದರೆ, ವಿಂಡೋ ಮುಚ್ಚಿದ ಮೇಲೂ ನೋಂದಾಯಿಸಲು ಫಿಫಾ ನಿಯಮದಲ್ಲಿ ಅವಕಾಶ ಇದೆ. ಹಾಗಾಗಿ ‘ನಾಳೆಯೇ ಸಹಿ ಹಾಕದಿದ್ದರೆ ಒಂದು ವರ್ಷ ಹೋಯಿತು’ ಎಂದು ಯಾರಾದರೂ ಅವಸರ ಮಾಡಿದರೆ ನಂಬಬೇಡಿ. ಜೂನ್ 1ರ ಬೆಳಿಗ್ಗೆ ಎಐಎಫ್‌ಎಫ್‌ನ ಆಟಗಾರರ ನೋಂದಣಿ ವ್ಯವಸ್ಥೆ ಸಿಆರ್‌ಎಸ್‌ನಲ್ಲಿ ತಮ್ಮನ ಹೆಸರಿನ ಮುಂದೆ ಒಪ್ಪಂದದ ಕೊನೆಯ ದಿನಾಂಕ ಯಾವುದು ದಾಖಲಾಗಿದೆ ಎಂದು ಗೋವಾ ಕ್ಲಬ್‌ನಿಂದ ನೋಡಿಸಿ. ನಿಮ್ಮ ಕೈಲಿರುವ ಪ್ರತಿಗೂ ಅದಕ್ಕೂ ಒಂದು ದಿನದ ವ್ಯತ್ಯಾಸ ಕಂಡರೂ ಅಂದೇ ಬರವಣಿಗೆಯಲ್ಲಿ ಆಕ್ಷೇಪ ಸಲ್ಲಿಸಿ.